ಪಟ್ಟಿಯಲ್ಲಿ ಮೊದಲು ಯಾರು?

ಪುಸ್ತಕಗಳನ್ನು ವಿಮರ್ಶಿಸುವ ರೂಢಿ ನಮ್ಮಲ್ಲಿದೆ. ಚಲನಚಿತ್ರಗಳನ್ನೂ ವಿಮರ್ಶಿಸುತ್ತೇವೆ. ಮನೆಮನೆಯ ಧಾರಾವಾಹಿಗಳ ಬಗ್ಗೆ ಊಟದ ಹೊತ್ತಿಗೆ ಎಲ್ಲರೂ ವಿಮರ್ಶಕರೇ. ಆದರೆ ಆ ಧಾರಾವಾಹಿಯ ಬಳಿಗೆ ನಮ್ಮನ್ನು ಕೈಹಿಡಿದು ಕರೆದೊಯ್ಯುವ ಪಟ್ಟಿಯನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ. ರಿಮೋಟಿನಲ್ಲಿ 'ಗೈಡ್' ಎಂಬ ಗುಂಡಿಯನ್ನು ಒತ್ತಿದೊಡನೆ ಸಂಖ್ಯೆ, ವಾಹಿನಿಯ ಹೆಸರು, ಸಮಯ, ಕಾರ್ಯಕ್ರಮದ ಹೆಸರು ಎಂಬ ಚೌಕಗಳಾಗಿ ತೆರೆಯ ಮೇಲೆ ಒಂದು ಪಟ್ಟಿ ಮೂಡುತ್ತದೆಯಲ್ಲ, ಅದರ ಮಾತು ಇದು. ಎಲೆಕ್ಟ್ರಾನಿಕ್ ಕಾರ್ಯಕ್ರಮ ಸೂಚಿ ಎಂಬುದು ಅದರ ಪೂರ್ಣನಾಮ. ಬಸ್ ನಿಲ್ದಾಣದ ವೇಳಾಪಟ್ಟಿಯಂತೆ ಅದೂ ನಿರುಪದ್ರವಿಯಾಗಿ, ಯಾರ ಪಕ್ಷವನ್ನೂ ವಹಿಸದಂತೆ ಕಾಣುತ್ತದೆ. ಹಾಗೆ ಕಾಣುವುದರಲ್ಲಿಯೇ ಅದರ ಜಾಣ್ಮೆಯಿದೆ ಎಂಬ ಸಂಶಯ ನನಗೆ ಬಂದದ್ದು ಆಂಡರ್ಸನ್‌ಪೇಟೆಯ ಒಂದು ಮನೆಯಲ್ಲಿ.

ಅಲ್ಲಿ ನನ್ನ ಸೋದರತ್ತೆ ಇದ್ದಾರೆ. ಮಾವನವರು ಗಣಿಯಲ್ಲಿ ದುಡಿದವರು. ೨೦೦೧ರ ಫೆಬ್ರುವರಿ ೨೮ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಕೈಗೆ ಬಂದ ಹಣದಲ್ಲಿ ಅವರು ಕೊಂಡ ದೊಡ್ಡ ವಸ್ತು ಒಂದೇ, ಒಂದು ಬಣ್ಣದ ಟಿವಿ. ಅವರು ತೀರಿಕೊಂಡ ಬಳಿಕ ಅತ್ತೆಗೆ ಸಂಜೆಯ ಸಂಗಾತಿಯೂ ಅದೇ ಆಯಿತು. ಮಗ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಮನೆ ಸೇರುವುದು ರಾತ್ರಿ. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಮನೆಗಳ ದಿನಚರಿ ಇದೇ. ಅತ್ತೆಗೆ ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಎಂದರೆ ಪ್ರಾಣ. ಉತ್ತರ ಹೇಳಿದವರಿಗೆ ಪುಸ್ತಕವನ್ನು ಬಹುಮಾನವಾಗಿ ಕೊಡುತ್ತಾರೆಂಬುದೇ ಅವರ ಮೆಚ್ಚುಗೆಗೆ ಕಾರಣ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಪೂಜೆ ಮುಗಿಸಿಕೊಂಡು ಅವರ ಮನೆಗೆ ಹೋದಾಗ ಅತ್ತೆ ರಿಮೋಟನ್ನು ನನ್ನ ಕೈಗಿತ್ತು, "ಏನಪ್ಪಾ ಇದು, ಮೊನ್ನೆಯವರೆಗೂ ನನ್ನ ಪ್ರೋಗ್ರಾಂ ಬರ್ತಿದ್ದ ನಂಬರಿನಲ್ಲಿ ಈಗ ಯಾರೋ ನಾಲ್ಕು ಜನ ಕೂತು ಕಿರುಚಾಡ್ತಾರೆ" ಎಂದರು. ನಾನು ಗೈಡ್ ತೆರೆದೆ. ಪಟ್ಟಿ ಇಂಗ್ಲಿಷಿನಲ್ಲಿತ್ತು. ಅತ್ತೆ ತಮಿಳನ್ನೂ ಕನ್ನಡವನ್ನೂ ಸರಾಗವಾಗಿ ಓದಬಲ್ಲರು. ಇಂಗ್ಲಿಷ್ ಮಾತ್ರ ಓದಲಾರರು. ಹತ್ತಾರು ಪುಟ ಕೆಳಗಿಳಿದ ಮೇಲೆ ಚಂದನ ಸಿಕ್ಕಿತು.

ತಿಂಗಳ ಹಣ ವಸೂಲಿಗೆ ಬಂದ ಕೇಬಲ್ ಹುಡುಗನನ್ನು ಕೇಳಿದ್ದಕ್ಕೆ, "ಅಮ್ಮಾ, ನಂಬರ್ ಚೇಂಜ್ ಮಾಡಿರೋದು ಮೇಲಿಂದ, ನಮ್ಮ ಕೈಯಲ್ಲಿಲ್ಲ" ಎಂದನಂತೆ. "ಮೇಲೆ ಇರೋನು ಒಬ್ಬನೇ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ" ಎಂದು ಅತ್ತೆ ನಕ್ಕರು. ನನಗೆ ಮಾತ್ರ ಆ 'ಮೇಲೆ' ಎಂಬ ಪದ ಮನಸ್ಸಿನಲ್ಲಿ ಉಳಿಯಿತು. ಮೇಲೆ ಎಂದರೆ ಯಾರು? ಒಂದು ವಾಹಿನಿ ಮೂರನೆಯ ಪುಟದಲ್ಲಿರಬೇಕೋ ಮೂವತ್ತನೆಯ ಪುಟದಲ್ಲಿರಬೇಕೋ ಎಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ?

ಪಟ್ಟಿ ಎಂಬುದು ಮೊದಲು ಹೀಗಿರಲಿಲ್ಲ. ೧೯೩೫ರ ಕೊನೆಯಲ್ಲಿಯೇ ನಮ್ಮ ಬಾನುಲಿಯವರು 'ದಿ ಇಂಡಿಯನ್ ಲಿಸನರ್' ಎಂಬ ಪತ್ರಿಕೆಯಲ್ಲಿ ತಮ್ಮ ಕಾರ್ಯಕ್ರಮಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಮಾರತೊಡಗಿದ್ದರು. ಬೆಂಗಳೂರು ದೂರದರ್ಶನ ಕೇಂದ್ರ ೧೯೮೧ರ ನವೆಂಬರ್ ೧ರಂದು ಆರಂಭವಾದ ಮೇಲೆ ನಮಗೆ ಪಟ್ಟಿ ಎಂದರೆ ದಿನಪತ್ರಿಕೆಯ ಒಳಪುಟದಲ್ಲಿ ಬೆರಳಗಲದ ಜಾಗ. ಅದೂ ಸಾಲದೆಂಬಂತೆ ಸಂಜೆ ಉದ್ಘೋಷಕಿಯೊಬ್ಬರು ತೆರೆಯ ಮೇಲೆ ಬಂದು, ನಮಸ್ಕರಿಸಿ, ಅಂದಿನ ಕಾರ್ಯಕ್ರಮಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು. ಪೂಜೆಯ ಕೊನೆಯಲ್ಲಿ ಗುರುಗಳು ಓದುವ ಪ್ರಕಟಣೆಯಂತೆಯೇ ಅದೂ. ಕೃಷಿ ಕಾರ್ಯಕ್ರಮವೆಂದಾಗ ಮುಖ ಗಂಟಿಕ್ಕುತ್ತಿದ್ದೆವು, ಚಲನಚಿತ್ರವೆಂದಾಗ ಅರಳುತ್ತಿದ್ದೆವು. ಆದರೆ ಪಟ್ಟಿಯನ್ನು ಪೂರ್ತಿಯಾಗಿ ಕೇಳುತ್ತಿದ್ದೆವು. ಇದ್ದದ್ದೇ ಒಂದು ವಾಹಿನಿಯಾದ್ದರಿಂದ 'ಯಾರು ಮೊದಲು' ಎಂಬ ಪ್ರಶ್ನೆಯೇ ಇರಲಿಲ್ಲ. ಆ ಕಾಲ ಬಹಳ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಸರಕಾರ ತೋರಿಸಿದ್ದನ್ನೇ ನೋಡಬೇಕಾಗಿತ್ತು. ಆದರೆ ಪಟ್ಟಿಗೂ ಹಣಕ್ಕೂ ಆಗ ಸಂಬಂಧವಿರಲಿಲ್ಲ ಎಂಬುದು ಸತ್ಯ.

ಸಂಬಂಧ ಬೆಳೆದದ್ದು ಕೇಬಲ್ಲಿನ ಕಾಲದಲ್ಲಿ. ೧೯೯೩ರಲ್ಲಿ ಸನ್ ಟಿವಿ, ೧೯೯೪ರಲ್ಲಿ ಉದಯ, ೨೦೦೦ದ ಕೊನೆಗೆ ಈಟಿವಿ ಕನ್ನಡ ಬಂದವು. ಕೇಬಲ್ಲಿನವರು ಮನೆಗೆ ತಂದುಕೊಡುತ್ತಿದ್ದ ತಂತಿಯಲ್ಲಿ ಎಲ್ಲ ಜಾಗವೂ ಒಂದೇ ಗುಣದ್ದಾಗಿರಲಿಲ್ಲ. ಕೆಲವು ಆವರ್ತನಗಳಲ್ಲಿ ಚಿತ್ರ ಸ್ಫುಟವಾಗಿ ಬರುತ್ತಿತ್ತು. ಇನ್ನು ಕೆಲವುದರಲ್ಲಿ ಮಳೆ ಸುರಿದಂತೆ ಚುಕ್ಕೆ. ಹಳೆಯ ಟಿವಿಗಳಿಗಂತೂ ಮೇಲಿನ ಆವರ್ತನಗಳು ಎಟುಕುತ್ತಲೇ ಇರಲಿಲ್ಲ. ಒಳ್ಳೆಯ ಜಾಗಕ್ಕೆ 'ಪ್ರೈಮ್ ಬ್ಯಾಂಡ್' ಎಂದು ಹೆಸರು. ಆ ಜಾಗಗಳು ಕೆಲವೇ ಇದ್ದು, ವಾಹಿನಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದುದರಿಂದ, ಕೊಡುವವನು ಪಡೆಯುವವನಾದ. ತಮ್ಮ ವಾಹಿನಿಯನ್ನು ಜನರಿಗೆ ತಲುಪಿಸಲು, ಒಳ್ಳೆಯ ಜಾಗದಲ್ಲಿ ಇರಿಸಲು ಪ್ರಸಾರಕರೇ ಕೇಬಲ್ ಸಂಸ್ಥೆಗಳಿಗೆ ಹಣ ಕೊಡತೊಡಗಿದರು. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಕ್ಯಾರೇಜ್ ಶುಲ್ಕ, ಪ್ಲೇಸ್‌ಮೆಂಟ್ ಶುಲ್ಕ ಎಂಬ ಹೆಸರುಗಳು ಬಂದವು. ಸಾಗಣೆಯ ಕೂಲಿ ಒಂದು, ಕೂರುವ ಜಾಗದ ಬಾಡಿಗೆ ಇನ್ನೊಂದು.

ಜಾಗದ ಮಹತ್ವವನ್ನು ಕಾನೂನೂ ಆಗಲೇ ಒಪ್ಪಿಕೊಂಡಿತ್ತು. ೧೯೯೫ರ ಕೇಬಲ್ ಟೆಲಿವಿಷನ್ ಕಾಯಿದೆ ದೂರದರ್ಶನದ ವಾಹಿನಿಗಳನ್ನು ಕೇಬಲ್ಲಿನವರು ಕಡ್ಡಾಯವಾಗಿ ತೋರಿಸಬೇಕೆಂದಿತು. ಆದರೆ ಎಲ್ಲೋ ಮಸುಕಾದ ಮೂಲೆಯಲ್ಲಿ ತೋರಿಸಿದರೂ ತೋರಿಸಿದಂತೆಯೇ ತಾನೆ? ಅದಕ್ಕಾಗಿಯೇ ೨೦೦೦ದಲ್ಲಿ ತಿದ್ದುಪಡಿ ತಂದು, ದೂರದರ್ಶನದ ಎರಡು ವಾಹಿನಿಗಳು ಮತ್ತು ರಾಜ್ಯದ ಪ್ರಾದೇಶಿಕ ಭಾಷೆಯ ಒಂದು ವಾಹಿನಿ ಪ್ರೈಮ್ ಬ್ಯಾಂಡಿನಲ್ಲಿಯೇ ಇರಬೇಕೆಂದು ಸೇರಿಸಬೇಕಾಯಿತು. ಈ ಒಂದು ತಿದ್ದುಪಡಿಯಲ್ಲಿ ನಮ್ಮ ವಿಷಯದ ಅರ್ಧ ಕಥೆ ಇದೆ.

ಮುಂದೆ ಡಿಜಿಟಲ್ ಬಂದಿತು. ಮೊದಲು ಮಹಾನಗರಗಳಲ್ಲಿ ೨೦೧೨ರಲ್ಲಿ, ೨೦೧೩ರಲ್ಲಿ ಬೆಂಗಳೂರು ಮೈಸೂರುಗಳಂಥ ನಗರಗಳಲ್ಲಿ, ಆಮೇಲೆ ಉಳಿದ ಪಟ್ಟಣಗಳಲ್ಲಿ, ೨೦೧೭ರ ಮಾರ್ಚ್ ಗಡುವಿನೊಳಗೆ ಹಳ್ಳಿಗಳಲ್ಲಿ. ಸೆಟ್‌ಟಾಪ್ ಬಾಕ್ಸಿಲ್ಲದೆ ಕೇಬಲ್ ಇಲ್ಲವಾಯಿತು. ಚುಕ್ಕೆಯ ಮಳೆ ನಿಂತಿತು. ಎಲ್ಲ ವಾಹಿನಿಗಳೂ ಒಂದೇ ಸ್ಫುಟತೆಯಲ್ಲಿ ಬಂದವು. ಜಾಗದ ಜಗಳ ಇನ್ನು ಮುಗಿಯಿತು ಎಂದೇ ಯಾರಾದರೂ ಎಣಿಸಬಹುದಾಗಿತ್ತು. ಮುಗಿಯಲಿಲ್ಲ. ಹಿಂದೆ ಹತ್ತು ಹನ್ನೆರಡು ಒಳ್ಳೆಯ ಆವರ್ತನಗಳಿಗಾಗಿ ನಡೆದ ಪೈಪೋಟಿ, ನೂರಾರು ವಾಹಿನಿಗಳ ಪಟ್ಟಿಯಲ್ಲಿ ಕಣ್ಣಿಗೆ ಬೇಗ ಬೀಳುವ ಸಾಲಿಗಾಗಿ ಮುಂದುವರಿಯಿತು. ಯಾವ ಪೇಟೆಯಲ್ಲಾದರೂ ಬಸ್ ನಿಲ್ದಾಣದೆದುರಿನ ಮಳಿಗೆಗೆ ಒಳಗಲ್ಲಿಯ ಮಳಿಗೆಗಿಂತ ಬಾಡಿಗೆ ಹೆಚ್ಚು. ಒಳಗಲ್ಲಿಯ ಅಕ್ಕಿ ಒಳ್ಳೆಯದೇ ಇರಬಹುದು, ಅಲ್ಲಿಯವರೆಗೆ ಹೋಗುವವರು ಕಡಿಮೆ. ಪಟ್ಟಿಯನ್ನು ನಾವು ಬಳಸುವ ರೀತಿಯೂ ಹಾಗೆಯೇ ಇದೆ. ರಾತ್ರಿ ಎಂಟೂವರೆಗೆ ರೈಲಿಳಿದು ಮನೆಗೆ ಬಂದವನು ಆರುನೂರು ವಾಹಿನಿಗಳನ್ನು ಪರಿಶೀಲಿಸುವುದಿಲ್ಲ. ಮೊದಲ ಎರಡು ಮೂರು ಪುಟಗಳಲ್ಲಿ ಸಿಕ್ಕಿದ್ದನ್ನು ನೋಡುತ್ತಾನೆ.

ನೋಡುವವರ ಸಂಖ್ಯೆಯೇ ಪ್ರಸಾರಕರ ಬಂಡವಾಳ ಎಂಬುದನ್ನು ಇಲ್ಲಿ ನೆನಪಿಡಬೇಕು. ೨೦೧೫ರಿಂದ ಬಾರ್ಕ್ ಎಂಬ ಸಂಸ್ಥೆ, ಆರಿಸಿದ ಕೆಲವು ಮನೆಗಳ ಟಿವಿಗಳಿಗೆ ಮೀಟರ್ ಅಳವಡಿಸಿ ಯಾರು ಏನನ್ನು ಎಷ್ಟು ಹೊತ್ತು ನೋಡಿದರೆಂದು ಲೆಕ್ಕ ಹಾಕುತ್ತಿದೆ. ಟಿಆರ್‌ಪಿ ಎಂದು ನಾವೆಲ್ಲ ಕೇಳಿದ್ದು ಈ ಲೆಕ್ಕವನ್ನೇ. ಜಾಹೀರಾತಿನ ದರ ಅದನ್ನು ಅವಲಂಬಿಸಿದೆ. ಹಾಗಾಗಿ ಪಟ್ಟಿಯಲ್ಲಿ ನಾಲ್ಕು ಸಾಲು ಮೇಲೇರುವುದೆಂದರೆ ಪ್ರಸಾರಕನ ಪಾಲಿಗೆ ಆದಾಯ. ಅವನನ್ನು ಇದಕ್ಕಾಗಿ ಹಳಿಯುವುದು ಅನ್ಯಾಯವಾದೀತು. ಸಾವಿರಾರು ಜನ ನೌಕರರಿಗೆ ಸಂಬಳ ಕೊಡಬೇಕಾದವನು ಅಂಗಡಿಗೆ ಒಳ್ಳೆಯ ಜಾಗ ಹುಡುಕುವುದು ಸಹಜ. ನನ್ನ ತಕರಾರು ಬೇರೆ. ಪೇಟೆಯ ಅಂಗಡಿಯನ್ನು ಕಂಡಾಗ ಅದು ಅಂಗಡಿಯೆಂದು ನಮಗೆ ತಿಳಿಯುತ್ತದೆ. ಗೈಡ್ ಮಾತ್ರ ತನ್ನನ್ನು ದಾರಿ ತೋರುವವನೆಂದು ಕರೆದುಕೊಳ್ಳುತ್ತದೆ.

ಇದನ್ನೆಲ್ಲ ಸರಿಪಡಿಸುವ ಪ್ರಯತ್ನ ನಡೆದಿಲ್ಲವೆಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ೨೦೧೭ರ ಮಾರ್ಚಿನಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಈ ಸೂಚಿಗೆಂದೇ ಒಂದು ನಿಯಮವಿದೆ. ಪ್ರತಿ ಪ್ರಸಾರಕ ತನ್ನ ವಾಹಿನಿ ಯಾವ ಬಗೆಯದೆಂದು ಘೋಷಿಸಬೇಕು. ಒಂದೇ ಬಗೆಯ ವಾಹಿನಿಗಳು ಪಟ್ಟಿಯಲ್ಲಿ ಒಟ್ಟಿಗೇ ಬರಬೇಕು. ಆ ಬಗೆಯೊಳಗೆ ಒಂದೇ ಭಾಷೆಯವು ಒಟ್ಟಿಗಿರಬೇಕು. ಒಂದು ವಾಹಿನಿ ಒಂದೇ ಕಡೆ ಕಾಣಿಸಬೇಕು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಸಾಮಾನ್ಯವಾಗಿ ಒಂದು ವರ್ಷ ಬದಲಿಸಕೂಡದು. ಪ್ರಸಾರಕರಿಂದ ಕೇಬಲ್ ಸಂಸ್ಥೆಗಳು ಪಡೆಯುವ ಸಾಗಣೆಯ ಶುಲ್ಕಕ್ಕೂ ಮಿತಿ ಬಂದಿತು: ಸಾಮಾನ್ಯ ವಾಹಿನಿಗೆ ಚಂದಾದಾರನೊಬ್ಬನಿಗೆ ತಿಂಗಳಿಗೆ ೨೦ ಪೈಸೆ, ಎಚ್‌ಡಿ ವಾಹಿನಿಗೆ ೪೦ ಪೈಸೆ. ೨೦೨೦ರ ಜನವರಿಯಲ್ಲಿ ಪ್ರಾಧಿಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಟ್ಟಿಯ ವಿನ್ಯಾಸವನ್ನು ತನಗೆ ತಿಳಿಸಬೇಕು, ತನ್ನ ಒಪ್ಪಿಗೆಯಿಲ್ಲದೆ ಬದಲಿಸಬಾರದು ಎಂದಿತು. ನಮ್ಮ ಮನೆಯ ಕಪಾಟಿನಲ್ಲಿ ಯಾವ ಡಬ್ಬ ಎಲ್ಲಿರಬೇಕೆಂದು ದಿಲ್ಲಿಯ ಕಚೇರಿಯೊಂದು ನಿಯಮ ಮಾಡಬೇಕಾಯಿತೆಂದರೆ ಆ ಡಬ್ಬಗಳ ಹಿಂದೆ ಎಂಥ ಎಳೆದಾಟವಿತ್ತೆಂದು ಊಹಿಸಬಹುದು.

ಎಳೆದಾಟ ಬಹಿರಂಗಕ್ಕೂ ಬಂದಿತ್ತು. ಅದೇ ೨೦೧೭ರ ಮೇ ತಿಂಗಳಲ್ಲಿ ರಿಪಬ್ಲಿಕ್ ಟಿವಿ ಎಂಬ ಇಂಗ್ಲಿಷ್ ಸುದ್ದಿ ವಾಹಿನಿ ಆರಂಭವಾದಾಗ, ಅದು ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಸಂಖ್ಯೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ ಎಂದು ಸುದ್ದಿ ಪ್ರಸಾರಕರ ಸಂಘ ದೂರು ಕೊಟ್ಟಿತು. ಗುಂಡಿ ಒತ್ತುತ್ತಾ ಹೋಗುವವನಿಗೆ ಒಂದೇ ಅಂಗಡಿ ಎರಡು ಬೀದಿಗಳಲ್ಲಿ ಸಿಕ್ಕರೆ ಲೆಕ್ಕ ಹೆಚ್ಚುವುದು ಸಹಜ. ಇದಕ್ಕಿಂತ ದೊಡ್ಡ ವಿವಾದ 'ಲ್ಯಾಂಡಿಂಗ್ ಪೇಜ್' ಎಂಬುದರದು. ಬಾಕ್ಸನ್ನು ಚಾಲೂ ಮಾಡಿದ ತಕ್ಷಣ, ನೀವು ಏನನ್ನೂ ಆರಿಸುವ ಮೊದಲೇ, ಒಂದು ವಾಹಿನಿ ತಾನಾಗಿ ಬರುತ್ತದೆ. ಆ ಜಾಗಕ್ಕೂ ಹಣವಿದೆ. ಅತ್ತೆಯ ಮನೆಯಲ್ಲಿ ಕಿರುಚಾಟ ಕೇಳಿದಂತಾದಾಗಲೆಲ್ಲ ಅವರು ಅದನ್ನು ತಾವೇ ಏನೋ ತಪ್ಪು ಒತ್ತಿದ್ದರ ಫಲವೆಂದು ತಿಳಿದಿದ್ದರು! ನೋಡುಗರ ಲೆಕ್ಕಕ್ಕೆ ಒಳಪಡುವ ವಾಹಿನಿಗಳನ್ನು ಹೀಗೆ ಮೊದಲ ಪುಟದಲ್ಲಿ ಇರಿಸಕೂಡದೆಂದು ಪ್ರಾಧಿಕಾರ ೨೦೧೭ರ ನವೆಂಬರಿನಲ್ಲಿ ಒಮ್ಮೆ, ೨೦೧೮ರ ಡಿಸೆಂಬರಿನಲ್ಲಿ ಇನ್ನೊಮ್ಮೆ ನಿರ್ದೇಶಿಸಿತು. ಹಾಗೆ ನಿರ್ದೇಶಿಸುವ ಕ್ರಮವನ್ನು ಮೇಲ್ಮನವಿ ನ್ಯಾಯಾಧಿಕರಣ ೨೦೧೯ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಪ್ರಾಧಿಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತಾನು ಆರಿಸದ ವಾಹಿನಿಯನ್ನು ಅರ್ಧ ನಿಮಿಷ ನೋಡಬೇಕಾದ ಅತ್ತೆಯಂಥವರ ಮಾತು ಈ ಕಡತಗಳಲ್ಲಿ ಎಲ್ಲಾದರೂ ಇದೆಯೇ ಎಂಬುದು ನನ್ನ ಕುತೂಹಲ.

ಈಗ ಪಟ್ಟಿಯನ್ನೇ ಒಂದು ಬರಹವೆಂಬಂತೆ ಓದಿ ನೋಡೋಣ. ಆ ನಿಯಮ ಹೇಳುವ ಬಗೆಗಳು ಒಂಬತ್ತು: ಭಕ್ತಿ, ಸಾಮಾನ್ಯ ಮನರಂಜನೆ, ಮಾಹಿತಿ-ಮನರಂಜನೆ, ಮಕ್ಕಳು, ಚಲನಚಿತ್ರ, ಸಂಗೀತ, ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ, ಕ್ರೀಡೆ, ಇತರೆ. ಮನುಷ್ಯನ ಆಸಕ್ತಿಗಳನ್ನು ಒಂಬತ್ತು ಡಬ್ಬಗಳಲ್ಲಿ ತುಂಬಲು ಹೊರಟವರ ಕಷ್ಟವನ್ನು ನಾನು ಬಲ್ಲೆ. ಆದರೂ ಗಮನಿಸಿ, ಇವುಗಳಲ್ಲಿ ಶಿಕ್ಷಣವೆಂಬ ಹೆಸರಿಲ್ಲ, ಕೃಷಿಯಿಲ್ಲ, ಸಾಹಿತ್ಯವಿಲ್ಲ, ನಮ್ಮೂರು ಎಂಬುದಿಲ್ಲ. ಮಾಹಿತಿಯೂ ಮನರಂಜನೆಯ ಕೈಹಿಡಿದೇ ಒಳಗೆ ಬರಬೇಕಾಗಿದೆ. ಜಾಹೀರಾತುದಾರ ಜನರನ್ನು ವಿಂಗಡಿಸುವ ಕ್ರಮ ಇದು. ಜನ ತಮ್ಮ ಸಂಜೆಯನ್ನು ವಿಂಗಡಿಸಿಕೊಳ್ಳುವ ಕ್ರಮವಲ್ಲ. 'ಭಕ್ತಿ'ಯ ಮನೆಯಲ್ಲಿ ನಮ್ಮ ಪ್ರಾರ್ಥನೆಯೂ ಪ್ರವಚನಗಳೂ ದೇವಾಲಯಗಳ ನೇರಪ್ರಸಾರವೂ, ರಾತ್ರಿಯಾದರೆ ತಾಯಿತ ಮಾರುವವರ ಜಾಹೀರಾತೂ ಅಕ್ಕಪಕ್ಕದಲ್ಲಿವೆ. ಅಕ್ಕಪಕ್ಕದಲ್ಲಿರುವುದರಲ್ಲಿ ತಪ್ಪೇನೂ ಇಲ್ಲ. ನಮ್ಮೂರಿನ ಬೀದಿಯೂ ಹಾಗೆಯೇ ಇದೆ. ತಾಯಿತದವನು ಮಾತ್ರ ಬೀದಿಯಲ್ಲಿ ತನ್ನನ್ನು ಭಕ್ತಿಯೆಂದು ಕರೆದುಕೊಳ್ಳುವುದಿಲ್ಲ.

ಭಾಷೆಯ ವಿಷಯ ಕೆಜಿಎಫ್‌ನವರಾದ ನಮಗೆ ಇನ್ನೂ ಸೂಕ್ಷ್ಮ. ಭಾಷೆಯಂತೆ ವಿಂಗಡಿಸಬೇಕೆಂಬ ನಿಯಮ ನ್ಯಾಯವಾದದ್ದೇ. ಅದಿಲ್ಲದಿದ್ದರೆ ಕನ್ನಡದ ಸಣ್ಣ ವಾಹಿನಿಯೊಂದು ಹಿಂದಿಯ ಹತ್ತು ವಾಹಿನಿಗಳ ನಡುವೆ ಕಳೆದುಹೋಗುತ್ತಿತ್ತು. ಆದರೆ ಆಂಡರ್ಸನ್‌ಪೇಟೆಯ ಮನೆಯೊಂದು ಒಂದೇ ಭಾಷೆಯ ಕೆಳಗೆ ಬರುವುದಿಲ್ಲ. ಗಣಿಗೆಂದು ಬಂದ ತಮಿಳರು, ತೆಲುಗರು, ಇಲ್ಲಿಯವರೇ ಆದ ಕನ್ನಡಿಗರು ಲೈನುಮನೆಗಳಲ್ಲಿ ಗೋಡೆ ಹಂಚಿಕೊಂಡು ಬೆಳೆದರು. ಅತ್ತೆ ಜಪಸರ ಹೇಳುವುದು ತಮಿಳಿನಲ್ಲಿ. ರಸಪ್ರಶ್ನೆ ನೋಡುವುದು ಕನ್ನಡದಲ್ಲಿ. ಪಕ್ಕದ ಮನೆಯವರೊಡನೆ ಸಿನಿಮಾ ನೋಡುವುದು ತೆಲುಗಿನಲ್ಲಿ. ಅವರ ಒಂದು ಸಂಜೆ ಪಟ್ಟಿಯ ಮೂರು ದೂರದ ಊರುಗಳಲ್ಲಿ ಹಂಚಿಹೋಗಿದೆ. ಇಷ್ಟಾಗಿ ಪಟ್ಟಿಯ ಅಕ್ಷರ ಈ ಮೂರರಲ್ಲಿ ಯಾವುದೂ ಅಲ್ಲ. ಕನ್ನಡ ಧಾರಾವಾಹಿಯ ಕನ್ನಡ ಹೆಸರು ಅವರ ಬಾಕ್ಸಿನಲ್ಲಿ ರೋಮನ್ ಲಿಪಿ ತೊಟ್ಟು ಬರುತ್ತದೆ. ನಮ್ಮ ಭಾಷೆಯ ಲಿಪಿಯಲ್ಲಿ ಪಟ್ಟಿ ತೋರಿಸಲು ಇಂದಿನ ತಂತ್ರಜ್ಞಾನಕ್ಕೆ ಏನೇನೂ ಕಷ್ಟವಿಲ್ಲ. ಓದಲಾರದವನು ಮೊದಲು ಕಂಡದ್ದನ್ನೇ ಒತ್ತುತ್ತಾನೆ, ಮತ್ತು ಮೊದಲು ಕಾಣುವ ಜಾಗವೇ ಬಾಡಿಗೆಯದು. ಇದನ್ನು ಯಾರಾದರೂ ಬೇಕೆಂದೇ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಸರಿಪಡಿಸಬೇಕೆಂಬ ಅವಸರ ಯಾರಿಗೂ ಇಲ್ಲವೆಂಬುದು ಮಾತ್ರ ಕಾಣುತ್ತದೆ.

ಇನ್ನು ಪಟ್ಟಿ ಹೇಳದೆ ಬಿಡುವ ಸಂಗತಿಗಳು. ಕಾರ್ಯಕ್ರಮದ ಹೆಸರಿನ ಮೇಲೆ ಒತ್ತಿದರೆ ಅದರ ವಿವರ ಬರಬೇಕು. ಸಿನಿಮಾ ಆದರೆ ನಟರ ಹೆಸರು ಬರುತ್ತದೆ. ಧಾರಾವಾಹಿಯಾದರೆ ವರ್ಷವಿಡೀ ಅದೇ ಎರಡು ಸಾಲು. ಚರ್ಚೆಯಾದರೆ ವಿಷಯವೇನು, ಮಾತನಾಡುವವರು ಯಾರು ಎಂಬುದಿಲ್ಲ. ಈ ವಿವರಗಳನ್ನು ಒದಗಿಸಬೇಕಾದವರು ಪ್ರಸಾರಕರು. ಕೇಬಲ್ಲಿನವರು ಅದನ್ನು ಬಿತ್ತರಿಸುತ್ತಾರಷ್ಟೆ. ಮಕ್ಕಳೊಡನೆ ಕುಳಿತು ನೋಡಬಹುದೇ ಎಂದು ಮುಂಚಿತವಾಗಿ ತಿಳಿಯಬಯಸುವ ತಾಯಿಗೆ ಪಟ್ಟಿಯಿಂದ ಯಾವ ಸಹಾಯವೂ ಇಲ್ಲ. ಮುಂಚಿತವಾಗಿ ತಿಳಿದವಳು ಟಿವಿ ಆರಿಸಿಬಿಡಬಹುದು ಎಂಬುದು ಆ ಮೌನಕ್ಕೆ ಕಾರಣವಿರಬಹುದೇ?

ಪ್ರಸಾರಕರು ಪಟ್ಟಿಯ ವಿಷಯದಲ್ಲಿ ಎಷ್ಟು ಜಾಗರೂಕರೆಂಬುದಕ್ಕೆ ಹೊರದೇಶಗಳ ಎರಡು ಮೊಕದ್ದಮೆಗಳು ಸಾಕ್ಷಿ. ಐರ್ಲೆಂಡಿನಲ್ಲಿ ಒಂದೊಂದು ಪ್ರಸಾರ ಸಂಸ್ಥೆಯೂ ತನ್ನ ಕಾರ್ಯಕ್ರಮಗಳಿಗೆ ತಾನೇ ಬೇರೆ ವಾರಪಟ್ಟಿ ಅಚ್ಚು ಹಾಕಿ ಮಾರುತ್ತಿತ್ತು. ಎಲ್ಲವನ್ನೂ ಒಂದೇ ಕಡೆ ಕೊಡಲು ಹೊರಟ ಮ್ಯಾಗಿಲ್ ಎಂಬ ಪತ್ರಿಕೆಯನ್ನು ಅವರೆಲ್ಲ ಸೇರಿ, ಪಟ್ಟಿ ನಮ್ಮ ಸ್ವತ್ತೆಂದು ನ್ಯಾಯಾಲಯಕ್ಕೆ ಹೋಗಿ ತಡೆದರು. ಹಾಗೆ ತಡೆಯುವುದು ತಮ್ಮ ಪ್ರಾಬಲ್ಯದ ದುರುಪಯೋಗವೆಂದು ಯೂರೋಪಿನ ನ್ಯಾಯಾಲಯ ೧೯೯೫ರ ಏಪ್ರಿಲ್ ೬ರಂದು ತೀರ್ಪಿತ್ತಿತು. ಆಸ್ಟ್ರೇಲಿಯಾದಲ್ಲಿ ಐಸ್‌ಟಿವಿ ಎಂಬ ಸಣ್ಣ ಸಂಸ್ಥೆ ಸ್ವತಂತ್ರವಾಗಿ ಎಲೆಕ್ಟ್ರಾನಿಕ್ ಸೂಚಿಯನ್ನು ತಯಾರಿಸಿದಾಗ, ತನ್ನ ಕಾರ್ಯಕ್ರಮಗಳ ಹೆಸರು ಮತ್ತು ವೇಳೆಯನ್ನು ಬಳಸಿಕೊಂಡಿತೆಂದು ನೈನ್ ನೆಟ್‌ವರ್ಕ್ ದಾವೆ ಹೂಡಿತು. ೨೦೦೯ರ ಏಪ್ರಿಲಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಐಸ್‌ಟಿವಿಯ ಪರವಾಗಿ ನಿಂತಿತು. 'ರಾತ್ರಿ ಎಂಟಕ್ಕೆ ಇಂಥ ಕಾರ್ಯಕ್ರಮ' ಎಂಬ ಒಂದು ಸಾಲಿಗಾಗಿ ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಗುವವರು, ಆ ಸಾಲನ್ನು ಲೋಕೋಪಕಾರಕ್ಕೆಂದು ಬರೆಯುತ್ತಿರಲಾರರು. ಬ್ರಿಟನ್ನಿನವರು ಬೇರೊಂದು ದಾರಿ ಹಿಡಿದಿದ್ದಾರೆ. ಅಲ್ಲಿನ ೨೦೦೩ರ ಕಾಯಿದೆಯ ಪ್ರಕಾರ ಸಾರ್ವಜನಿಕ ಸೇವೆಯ ವಾಹಿನಿಗಳಿಗೆ ಸೂಚಿಯಲ್ಲಿ ತಕ್ಕ ಪ್ರಾಶಸ್ತ್ಯ ಕೊಡಲೇಬೇಕು. ಜನರ ಸೇವೆಗೆಂದು ನಡೆಯುವುದು ಜನರಿಗೆ ಸುಲಭವಾಗಿ ಸಿಗಬೇಕೆಂಬುದು ಅದರ ತರ್ಕ. ನಮ್ಮಲ್ಲಿ ಪ್ರೈಮ್ ಬ್ಯಾಂಡಿನ ಆ ತಿದ್ದುಪಡಿಯಲ್ಲಿದ್ದದ್ದೂ ಇದೇ ತರ್ಕ. ಆವರ್ತನದ ಕಾಲ ಮುಗಿದಾಗ ಅದು ಅರ್ಥ ಕಳೆದುಕೊಂಡಿತು.

ಪಟ್ಟಿ ಹೇಳದ ಇನ್ನೊಂದು ಸಂಗತಿ ಒಡೆತನದ್ದು. ಕನ್ನಡ ಮನರಂಜನೆಯ ಪುಟದಲ್ಲಿ ಉದಯ, ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ ಎಂಬ ನಾಲ್ಕು ದೊಡ್ಡ ಹೆಸರುಗಳು ಒಂದರ ಕೆಳಗೊಂದು ಬರುತ್ತವೆ. ನಾಲ್ಕು ಅಂಗಡಿಗಳ ಪೈಪೋಟಿಯಲ್ಲಿ ನಮಗೆ ಲಾಭವಿದೆ ಎಂದುಕೊಳ್ಳುತ್ತೇವೆ. ಈಟಿವಿ ಕನ್ನಡ ೨೦೧೫ರಲ್ಲಿ ಕಲರ್ಸ್ ಕನ್ನಡವಾಯಿತು; ಸುವರ್ಣ ೨೦೧೬ರಲ್ಲಿ ಸ್ಟಾರ್ ಸುವರ್ಣವಾಯಿತು. ೨೦೨೪ರ ನವೆಂಬರಿನಲ್ಲಿ ರಿಲಯನ್ಸ್‌ನ ವಯಾಕಾಂ೧೮ ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ಒಂದಾದಾಗ ಈ ಎರಡೂ ಒಂದೇ ಸೂರಿನಡಿ ಬಂದವು. ಅಂದು ರಾತ್ರಿ ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಅಂಗಡಿಗಳು ನಾಲ್ಕೇ ಇವೆ, ಗಲ್ಲಾಪೆಟ್ಟಿಗೆಗಳು ಮೂರಾಗಿವೆ.

ಹಣದ ಮಾತು ಬಂದಾಗ ಕುಟುಂಬದ ಲೆಕ್ಕವನ್ನೂ ಹೇಳಬೇಕು. ೨೦೧೯ರ ಫೆಬ್ರುವರಿಯಲ್ಲಿ ಹೊಸ ದರ ಪದ್ಧತಿ ಬಂದಾಗ, ಬೇಕಾದ ವಾಹಿನಿಗೆ ಮಾತ್ರ ಹಣ ಕೊಡಿ ಎಂದರು. ನೂರು ವಾಹಿನಿಗಳ ಜಾಲಶುಲ್ಕ ೧೩೦ ರೂಪಾಯಿ, ತೆರಿಗೆ ಸೇರಿ ೧೫೩ ರೂಪಾಯಿ ೪೦ ಪೈಸೆ. ಅದರ ಮೇಲೆ ಆರಿಸಿದ ವಾಹಿನಿಗಳ ಬೆಲೆ. ಕೇಳಲು ಇದು ಮನೆವಾರ್ತೆಯ ಜಾಣತನದಂತೆಯೇ ಇತ್ತು. ಆದರೆ ಬಿಡಿಯಾಗಿ ಕೊಂಡರೆ ದುಬಾರಿ, ಗುಚ್ಛವಾಗಿ ಕೊಂಡರೆ ಅಗ್ಗ ಎಂಬಂತೆ ಪ್ರಸಾರಕರು ಬೆಲೆಯಿಟ್ಟರು. ಎರಡು ವಾಹಿನಿ ಬೇಕೆಂದವರ ಮನೆಗೆ ಹತ್ತು ಬಂದವು. ಗುಚ್ಛಗಳ ರಿಯಾಯಿತಿಗೆ ಮಿತಿ ಹಾಕುವ ವಿಷಯ ಹಲವು ವರ್ಷ ನ್ಯಾಯಾಲಯಗಳಲ್ಲಿ ಓಡಾಡಿತು. ಅತ್ತ ಗೈಡ್ ಚಂದಾ ಇಲ್ಲದ ವಾಹಿನಿಗಳನ್ನೂ ಸಾಲಿನಲ್ಲಿಯೇ ತೋರಿಸುತ್ತದೆ. ಒತ್ತಿದಾಗ ಮಾತ್ರ ಹಣ ಕಟ್ಟಿಲ್ಲವೆಂಬ ಸೂಚನೆ. ಮೊಮ್ಮಗ ಅದನ್ನು ಓದಿ ಹೇಳಿದಾಗ ಅತ್ತೆ, "ಬಾಗಿಲಲ್ಲಿ ತಿಂಡಿ ತೋರಿಸಿ ಕಾಸು ಕೇಳಿದ ಹಾಗಾಯ್ತಲ್ಲೋ" ಎಂದರಂತೆ.

ಗೈಡಿನ ಒಳ್ಳೆಯತನವನ್ನು ಹೇಳದಿದ್ದರೆ ನನ್ನ ಮಾತೂ ಪಕ್ಷಪಾತವಾದೀತು. ನಾಳೆ ಬರುವ ಕಾರ್ಯಕ್ರಮಕ್ಕೆ ಗುರುತಿಟ್ಟರೆ ಅದು ತಾನಾಗಿ ನೆನಪಿಸುತ್ತದೆ. ಮೆಚ್ಚಿನ ವಾಹಿನಿಗಳನ್ನಷ್ಟೇ ಆರಿಸಿ ಬೇರೆ ಪಟ್ಟಿ ಮಾಡಿಕೊಳ್ಳುವ ಅವಕಾಶ ಬಹುಪಾಲು ಬಾಕ್ಸ್‌ಗಳಲ್ಲಿದೆ. 'ಫೇವರಿಟ್' ಎಂಬ ಹೆಸರಿನಲ್ಲಿ ಎಲ್ಲೋ ಒಳಗೆ ಅಡಗಿರುತ್ತದೆ. ಮಕ್ಕಳಿಗೆ ತಕ್ಕದ್ದಲ್ಲದ ವಾಹಿನಿಗೆ ಬೀಗ ಹಾಕಲೂ ಬರುತ್ತದೆ. ಯಾರೂ ಬಾಡಿಗೆ ಕೊಡದ ಆ ಮೂಲೆಯಲ್ಲಿ ಮಾತ್ರ ಪಟ್ಟಿ ನಿಜವಾಗಿಯೂ ನಮ್ಮದು. ಹೊಸ ಸ್ಮಾರ್ಟ್ ಟಿವಿಗಳು ಬಂದ ಮೇಲೆ ಗೈಡಿನ ಜಾಗದಲ್ಲಿ ಚಿತ್ರಗಳ ಚೌಕಗಳು ಬಂದಿವೆ. ರಿಮೋಟಿನಲ್ಲಿಯೇ ಕೆಲವು ಕಂಪನಿಗಳ ಹೆಸರಿನ ಗುಂಡಿಗಳಿವೆ. ಪಟ್ಟಿಯಲ್ಲಿ ಬಾಡಿಗೆಗಿದ್ದ ಜಾಗ ಈಗ ನಮ್ಮ ಹೆಬ್ಬೆರಳಿನ ಕೆಳಗೆ ಬಂದಿದೆ. ಬ್ರಿಟನ್ನಿನವರು ೨೦೨೪ರಲ್ಲಿ ಹೊಸ ಕಾಯಿದೆ ಮಾಡಿ ತಮ್ಮ ಪ್ರಾಶಸ್ತ್ಯದ ನಿಯಮವನ್ನು ಈ ಟಿವಿಗಳಿಗೂ ಹಬ್ಬಿಸಿದ್ದಾರೆ.

ಅಂದು ನಾನು ಅತ್ತೆಯ ಬಾಕ್ಸಿನಲ್ಲಿ ಅವರ ಒಂಬತ್ತು ವಾಹಿನಿಗಳನ್ನು ಆರಿಸಿ ಬೇರೆ ಪಟ್ಟಿ ಮಾಡಿಕೊಟ್ಟೆ. ಮುಂದಿನ ತಿಂಗಳು ಹೋದಾಗ ಅದು ಅಳಿಸಿಹೋಗಿತ್ತು. ಬಾಕ್ಸನ್ನು ಯಾವುದೋ ಕಾರಣಕ್ಕೆ ಹೊಸದಾಗಿ ಚಾಲೂ ಮಾಡಬೇಕಾಯಿತಂತೆ. ಟಿವಿಯ ಪಕ್ಕದ ಗೋಡೆಗೆ, ತಿರುಹೃದಯದ ಚಿತ್ರದ ಕೆಳಗೆ, ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಬೆನ್ನು ಅಂಟಿಸಿತ್ತು. ಅದರಲ್ಲಿ ಒಂಬತ್ತು ಹೆಸರುಗಳಿದ್ದವು, ಕೆಲವು ಕನ್ನಡದಲ್ಲಿ, ಕೆಲವು ತಮಿಳಿನಲ್ಲಿ, ಎಲ್ಲಕ್ಕಿಂತ ಮೇಲೆ ಚಂದನ. ಹೆಸರುಗಳನ್ನು ಪೆನ್ನಿನಲ್ಲಿ ಬರೆದಿದ್ದರು. ಎದುರಿನ ಸಂಖ್ಯೆಗಳನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದರು.